ಮನೇಲಿ ಮಾಡೋದು ಹಪ್ಪಳ

ಅವರ ಎಡಗೈ ಕಿರುಬೆರಳಿನ ಉಗುರು ಒಂದಂಗುಲ ಉದ್ದವಿತ್ತು. ಉಳಿದ ಒಂಬತ್ತನ್ನು ವಾರಕ್ಕೊಮ್ಮೆ ನೀಟಾಗಿ ಕತ್ತರಿಸಿಕೊಂಡು ಅದೊಂದನ್ನು ಮಾತ್ರ ಸಾಕಿದ್ದರು. ಲೆಕ್ಕದ ಕಾಲಮ್ಮಿನ ನೆತ್ತಿಯ ಮೇಲೆ ಆ ಉಗುರನ್ನಿಟ್ಟು ಕೆಳಕ್ಕೆ ಎಳೆದುಕೊಂಡು ಬಂದರೆ, ತಪ್ಪಿದ ಸಾಲಿನ ಹತ್ತಿರ ಅದು ನಿಂತೇ ನಿಲ್ಲುತ್ತಿತ್ತು. ಕಂಪ್ಯೂಟರ್ ಬಂದ ಮೇಲೂ ಚಟ ಬಿಡಲಿಲ್ಲ, ನನ್ನ ಮಾನಿಟರಿನ ತುಂಬ ಗೀರು. "ಸಾರ್, ಸ್ಕ್ರೀನ್ ಹಾಳಾಗ್ತದೆ" ಎಂದರೆ, "ಸ್ಕ್ರೀನ್ ಹಾಳಾದ್ರೆ ಇನ್ನೊಂದ್ ತರ್ಬೋದು ಕಣಮ್ಮ. ಲೆಕ್ಕ ಹಾಳಾದ್ರೆ ಯಾವ ಅಂಗ್ಡೀಲಿ ತತ್ತೀಯ?" ಎನ್ನುತ್ತಿದ್ದರು.

ಹುಣಸೂರಿನಲ್ಲಿ ಎಲ್ಲರೂ ಅವರನ್ನು ಆಡಿಟರ್ ಎಂದೇ ಕರೆಯುತ್ತಿದ್ದರು. ಸಿ.ಎ. ಓದಿದವರೇನಲ್ಲ. ಸೇಲ್ಸ್ ಟ್ಯಾಕ್ಸ್ ಕಾಲದಿಂದ ಅಂಗಡಿ, ಹೋಟೆಲು, ಸಾಮಿಲ್ಲುಗಳ ಲೆಕ್ಕ ಬರೆದು ರಿಟರ್ನ್ ಸಲ್ಲಿಸಿಕೊಡುತ್ತಿದ್ದವರು. ನಾನು ಅವರ ಹತ್ತಿರ ಒಂಬತ್ತು ವರ್ಷ ಕೆಲಸ ಮಾಡಿದೆ. ಇವತ್ತು ಪಿರಿಯಾಪಟ್ಟಣದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ಮೂವತ್ತಕ್ಕೂ ಹೆಚ್ಚು ಅಂಗಡಿಗಳ ಲೆಕ್ಕ ನೋಡುತ್ತಿದ್ದೇನೆ ಎಂದರೆ ಅದು ಅವರು ಹಾಕಿದ ಭಿಕ್ಷೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇನ್ನು ಮುಂದೆ ಹೇಳುವುದರಲ್ಲಿ ಬಹುಪಾಲು ಸಿಟ್ಟಿನ ಮಾತು.

ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಹೋಟೆಲಿನ ಬಿಲ್ಲುಗಳ ಚೀಲ ಮುಂದಿಟ್ಟು, "ಮೂಸಿ ನೋಡು" ಎಂದರು. ಬಿ.ಕಾಂ. ಫಸ್ಟ್ ಕ್ಲಾಸ್ ಮುಗಿಸಿ ಬಂದ ನನಗೆ ಅವಮಾನವಾಯಿತು. "ಮೂಸಮ್ಮ, ನಾಚ್ಕೋಬ್ಯಾಡ." ಮೂಸಿದೆ. ಎಣ್ಣೆ, ಒಗ್ಗರಣೆ, ಹಸಿ ಈರುಳ್ಳಿ. ನಡುವೆ ನಾಲ್ಕು ಬಿಲ್ಲು ಮಾತ್ರ ಗರಿಗರಿಯಾಗಿ ಹೊಸ ಪುಸ್ತಕದ ವಾಸನೆ ಹೊಡೆಯುತ್ತಿದ್ದವು. "ಅಡುಗೆಮನೇಲಿ ಮೂರ್ ತಿಂಗ್ಳಿದ್ದ ಬಿಲ್ಲು ಹಿಂಗಿರ್ತದಾ? ಇದು ನಿನ್ನೆ ಬರ್ಸಿರೋದು. ತೆಗ್ದಾಕು." ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ ಇದನ್ನು? ಇವತ್ತಿಗೂ ಯಾರಾದರೂ ಬಿಲ್ಲಿನ ಕಟ್ಟು ತಂದುಕೊಟ್ಟರೆ, ಅವರು ಆಚೆ ಹೋದ ಮೇಲೆ ನಾನು ಮೂಸುತ್ತೇನೆ.

ಸುಳ್ಳು ಬಿಲ್ಲಿಗೆ ಅವರು ಕೈ ಹಾಕಿದವರೇ ಅಲ್ಲ. ಒಮ್ಮೆ ಸಾಮಿಲ್ಲಿನ ಯಜಮಾನರೊಬ್ಬರು ಕೊಳ್ಳದೇ ಇದ್ದ ಮರಕ್ಕೆ ಬಿಲ್ಲು ಹುಟ್ಟಿಸಿಕೊಂಡು ಬಂದು, "ಸೇರ್ಸ್‌ಬುಡಿ ಸಾ, ಯಾರ್ ನೋಡ್ತಾರೆ" ಎಂದರು. ಸಾರ್ ಕಟ್ಟನ್ನು ಕೊಡವಿದರು. ಮರದ ಹೊಟ್ಟು ಒಂದು ಚಿಟಿಕೆಯೂ ಉದುರಲಿಲ್ಲ. ಎದ್ದು ಹೋಗಿ ಆ ಕಟ್ಟನ್ನೂ, ಅದರ ಹಿಂದೆಯೇ ಅವರ ಇಡೀ ಫೈಲನ್ನೂ ಮಹಡಿ ಕಿಟಕಿಯಿಂದ ರಸ್ತೆಗೆ ಎಸೆದರು. ಹುಣಸೂರಿನ ನಡುರಸ್ತೆಯಲ್ಲಿ ಆ ದೊಡ್ಡ ಮನುಷ್ಯರು ಪಂಚೆ ಎತ್ತಿ ಕಟ್ಟಿಕೊಂಡು ಆಟೋಗಳ ಮಧ್ಯೆ ಕಾಗದ ಆಯುತ್ತಿದ್ದುದನ್ನು ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅವತ್ತು ನನಗೆ ಅವರ ಮೇಲೆ ಹುಟ್ಟಿದ ಗೌರವ ಸಣ್ಣದಲ್ಲ.

ಅಷ್ಟು ನೆಟ್ಟಗಿದ್ದ ಮನುಷ್ಯನ ಮೇಜಿನ ಡ್ರಾಯರಿನ ವಿಷಯಕ್ಕೆ ಬರುತ್ತೇನೆ.

ಜಿಎಸ್‌ಟಿ ಬಂದಾಗ ಪ್ರತಿ ಅಂಗಡಿಗೂ ಒಂದು ಮೊಬೈಲ್ ನಂಬರ್ ನೋಂದಾಯಿಸಬೇಕಾಯಿತು. ರಿಟರ್ನ್ ಹಾಕುವಾಗ ಆ ನಂಬರಿಗೆ ಓಟಿಪಿ ಬರುತ್ತದೆ. ಅದಿಲ್ಲದೆ ಏನೂ ನಡೆಯದು. ಅಂಗಡಿಯವರಿಗೆ ಫೋನ್ ಮಾಡಿ "ಓಟಿಪಿ ಹೇಳಿ" ಎಂದರೆ ಒಬ್ಬ ಸಂತೆಯಲ್ಲಿರುತ್ತಿದ್ದ, ಇನ್ನೊಬ್ಬ ಮದುವೆ ಮನೆಯಲ್ಲಿ. ಸಾರ್ ಹೋಗಿ ಸಣ್ಣ ಬಟನ್ ಫೋನುಗಳನ್ನು ತಂದರು, ಒಬ್ಬೊಬ್ಬ ಗಿರಾಕಿಗೂ ಒಂದೊಂದು. ಬೆನ್ನಿಗೆ ಗಾಯದ ಪ್ಲಾಸ್ಟರ್ ಅಂಟಿಸಿ ಅಂಗಡಿಯ ಹೆಸರು ಬರೆಸಿದರು. ಬರೆದವಳು ನಾನೇ. ಸೋಮವಾರ ಸೋಮವಾರ ಎಲ್ಲವನ್ನೂ ಸಾಲಾಗಿ ಚಾರ್ಜಿಗೆ ಹಾಕುತ್ತಿದ್ದವಳೂ ನಾನೇ. ಡ್ರಾಯರಿನ ಬೀಗದ ಕೈ ಮಾತ್ರ ಅವರ ಉಡಿದಾರದಲ್ಲಿ. ಅನುಕೂಲಕ್ಕೆ ಮಾಡಿದ್ದು ಎಂದುಕೊಂಡಿದ್ದೆ, ಆಗ ಅನುಕೂಲವೇ ಆಗಿತ್ತು ಕೂಡ.

ಎರಡನೇ ಮಗು ಹುಟ್ಟಿದ ಮೇಲೆ ದಿನಾ ಬಸ್ಸಿನಲ್ಲಿ ಹುಣಸೂರಿಗೆ ಹೋಗಿ ಬರುವುದು ಆಗದಾಯಿತು. ಮನೆಯಲ್ಲೇ ಲೆಕ್ಕದ ಕೆಲಸ ಶುರು ಮಾಡುತ್ತೇನೆ ಎಂದು ಹೇಳಲು, ಸ್ವೀಟ್ ಬಾಕ್ಸ್ ಹಿಡಿದು, ಆಶೀರ್ವಾದ ಮಾಡುತ್ತಾರೆಂದು ನಂಬಿಕೊಂಡು ಹೋದೆ. ಎಂಥ ಪೆದ್ದಿ ನಾನು! ಅವರು ಬಾಕ್ಸ್ ಮುಟ್ಟಲಿಲ್ಲ.

"ಮನೇಲಿ ಮಾಡೋದು ಹಪ್ಪಳ ಕಣಮ್ಮ, ಲೆಕ್ಕ ಅಲ್ಲ. ಒಂದ್ ಕಣ್ಣು ಒಲೆ ಮ್ಯಾಲೆ, ಒಂದ್ ಕಣ್ಣು ಲೆಡ್ಜರ್ ಮ್ಯಾಲೆ. ಎರಡೂ ಸೀದೋಯ್ತದೆ."

"ಸಾರ್, ಒಂಬತ್ ವರ್ಷ ನೀವೇ ಕಲಿಸಿದ್ದೀರಿ."

"ಕಲ್ಸಿದ್ದು ಇಲ್ಲಿ ಕೆಲ್ಸ ಮಾಡೋಕೆ."

ಅಷ್ಟೇ. ತಲೆಯೂ ಎತ್ತಲಿಲ್ಲ.

ಊರಿನವರೇನು ಕಡಿಮೆಯೇ? "ಮನೇಲೇ ಕೂತಿರ್ತೀರಲ್ಲ ಮೇಡಂ, ಟೈಮ್‌ಪಾಸ್ ಆಯ್ತದೆ" ಎನ್ನುವವರು, ಫೈಲ್ ಕೊಡುವ ಮೊದಲು "ಯಜಮಾನ್ರು ಇಲ್ವಾ?" ಎಂದು ಒಳಗೆ ಇಣುಕುವವರು. ನಮ್ಮ ಯಜಮಾನರಿಗೆ ಲೆಕ್ಕವೆಂದರೆ ತಲೆನೋವು. ಅವರು ಕೆಎಸ್‌ಆರ್‌ಟಿಸಿ ಮೆಕ್ಯಾನಿಕ್ಕು. ಒಂದೂವರೆ ತಿಂಗಳು ನನ್ನ ಹೊಸ ಮೇಜಿನ ಮೇಲೆ ಮಗುವಿನ ಬಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಕೊನೆಗೆ ನಮ್ಮ ಬೀದಿಯಲ್ಲೇ ಬೋರ್‌ವೆಲ್ ಮೋಟಾರು ಮಾರಿ, ರಿಪೇರಿ ಮಾಡುವ ಅಂಗಡಿಯವನು ಬಂದ. ಸಾರ್ ಹತ್ತಿರ ಇದ್ದ ಗಿರಾಕಿ. "ಅಕ್ಕಾ, ಹುಣಸೂರಿಗೆ ಓಗಿ ಬರೋದು ಒಂದಿನದ ಕೆಲ್ಸ ಕೆಡ್ತದೆ. ನೀವೇ ನೋಡ್ಕೊಳಿ" ಎಂದ. ನನ್ನ ಮೊದಲನೇ ಗಿರಾಕಿ. ಇವನ ಕೆಲಸ ಸರಿಯಾಗಿ ಮಾಡಿದರೆ ಬೀದಿ ಪೂರ್ತಿ ಬರುತ್ತದೆ, ಕೆಡಿಸಿದರೆ ನಾನು ಮೇಜು ಮಡಿಚಿಡಬೇಕು ಎಂದು ನನಗೆ ಗೊತ್ತಿತ್ತು.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವನ ಅಂಗಡಿಯ ಪಾಸ್‌ವರ್ಡ್ ಬದಲಾಗಿತ್ತು. ಹೊಸದು ಮಾಡಲು ಹೋದರೆ ಓಟಿಪಿ ಹೋಗುವುದು ಡ್ರಾಯರಿಗೆ. ಸಾರ್‌ಗೆ ಫೋನ್ ಮಾಡಿದೆ. "ಬಂದಿಲ್ಲ ಕಣಮ್ಮ, ನೆಟ್‌ವರ್ಕ್ ಇಲ್ಲ." ಮಾರನೇ ದಿನ ಮಾಡಿದೆ. "ಚಾರ್ಜಿಲ್ಲ." ಅದರ ಮಾರನೇ ದಿನ ಎತ್ತಲೇ ಇಲ್ಲ. ಆ ತಿಂಗಳ ರಿಟರ್ನ್ ಹೋಗಲಿಲ್ಲ, ಮುಂದಿನ ತಿಂಗಳದ್ದೂ ಹೋಗಲಿಲ್ಲ. ಅವನಿಂದ ಮೋಟಾರು ಕೊಳ್ಳುತ್ತಿದ್ದ ಕಂಟ್ರಾಕ್ಟರು, "ನಿಮ್ಮ ಬಿಲ್ಲು ಪೋರ್ಟಲ್‌ನಲ್ಲೇ ಕಾಣ್ತಿಲ್ಲ, ಕೊಟ್ಟ ತೆರಿಗೆ ನಮ್ಗೆ ವಾಪಸ್ ಸಿಗಲ್ಲ" ಎಂದು ಬೇರೆ ಅಂಗಡಿಗೆ ಹೋದ. ಮೋಟಾರಿನವನು ನಮ್ಮ ಜಗುಲಿಯ ಮೇಲೆ ಕುಳಿತು ಕೇಳಿದ:

"ಅಲ್ಲ ಕಣಕ್ಕಾ, ಅಂಗ್ಡಿ ನಂದು, ಎಸ್ರು ನಂದು, ಫೋನು ಅವ್ರುದು. ಇದ್ಯಾವ ಸೀಮೆ ನ್ಯಾಯ?"

ನನಗೆ ಉರಿದು ಹೋಯಿತು. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಅವನನ್ನು ಕರೆದುಕೊಂಡು ಅದೇ ಗಳಿಗೆಯಲ್ಲಿ ಬಸ್ಸು ಹತ್ತಿದೆ. ಆಫೀಸಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಇರಲಿ ಎಂದೇ ಜೋರಾಗಿ ಕೇಳಿದೆ: "ಸಾರ್, ಸುಳ್ ಬಿಲ್ಲು ಮುಟ್ಟದ ಕೈ ನಿಮ್ದು. ಇವ್ನ ಅಂಗಡಿಗೆ ಬೀಗ ಹಾಕ್ಕೊಂಡು ಕೂತಿದ್ದೀರಲ್ಲ, ಇದೇನು?"

ಅವರ ಮುಖ ಕೆಂಪಗಾಯಿತು. "ನಾನ್ ಸಾಕಿದ್ ಗಿರಾಕಿ ಕಣೇ ಇವ್ನು! ರಿಟರ್ನ್ ಅಂದ್ರೇನು ಅಂತ ಗೊತ್ತಿಲ್ದಿದ್ದಾಗಿಂದ ಸಾಕಿದೀನಿ. ಕೊಡಾಕಿಲ್ಲ. ಏನ್ ಮಾಡ್ಕೋತೀಯ ಮಾಡ್ಕೋ ಓಗು!"

ಅಲ್ಲಿಯವರೆಗೆ ಅವರು ನನ್ನನ್ನು ಒಮ್ಮೆಯೂ 'ಕಣೇ' ಎಂದು ಬೈದಿರಲಿಲ್ಲ.

ಮಾಡುವುದೇನೆಂದು ನನಗೆ ಗೊತ್ತಿತ್ತು. ತೆರಿಗೆ ಕಚೇರಿಗೆ ಅಂಗಡಿಯ ಯಜಮಾನನೇ ಗುರುತಿನ ಚೀಟಿ, ಅರ್ಜಿ ಹಿಡಿದು ಹೋದರೆ ಅಧಿಕಾರಿಯೇ ನಂಬರು ಬದಲಿಸಿಕೊಡುತ್ತಾರೆ. ಈ ದಾರಿ ನನಗೆ ತೋರಿಸಿದವರು ಯಾರು? ಸಾರೇ! ಮೈಸೂರಿನ ಯಾವನೋ ಒಬ್ಬ ಕನ್ಸಲ್ಟೆಂಟು ಬೇಕರಿಯವರ ನಂಬರು ಹಿಡಿದಿಟ್ಟುಕೊಂಡಿದ್ದಾಗ, "ಜನದ ಜುಟ್ಟು ಇಡ್ಕೊಂಡ್ ಬದುಕ್ತವ್ನೆ, ಇವ್ನ್ ಮನೆ ಹಾಳಾಗ" ಎಂದು ಶಾಪ ಹಾಕುತ್ತ, ಸಾಲು ಸಾಲಾಗಿ ಅರ್ಜಿ ಹೇಳಿ ನನ್ನ ಕೈಯಲ್ಲಿ ಬರೆಸಿದ್ದರು. ಅದೇ ಅರ್ಜಿಯನ್ನು, ಅದೇ ಮಾತುಗಳಲ್ಲಿ, ಅವರ ವಿರುದ್ಧ ಬರೆದೆ. ಮೂರು ಸಲ ಅಲೆದ ಮೇಲೆ ನಂಬರು ಮೋಟಾರಿನವನ ಕೈಗೆ ಬಂತು. ಓಟಿಪಿ ಬಂದು ಅವನ ಫೋನು ಗುಂಯ್ ಎಂದಾಗ ಅವನು ಬೀದಿಗೆಲ್ಲ ತೋರಿಸಿಕೊಂಡು ಬಂದ. ತಿಂಗಳೊಳಗೆ ನನ್ನ ಮೇಜಿನ ಮೇಲೆ ಮಗುವಿನ ಬಟ್ಟೆಗೆ ಜಾಗವಿರಲಿಲ್ಲ.

ನಂಬರು ಬದಲಾದ ವಾರವೇ ಸಾರ್ ಫೋನ್ ಮಾಡಿದ್ದರು. ಬೈಯಲು ತಯಾರಾಗಿ ಎತ್ತಿದೆ. "ಅರ್ಜಿ ನೋಡ್ದೆ ಕಣಮ್ಮ, ಟ್ಯಾಕ್ಸ್ ಆಫೀಸ್ನೋರು ತೋರ್ಸಿದ್ರು. ಒಂದ್ ತಪ್ಪಿಲ್ಲ" ಎಂದು ಹೇಳಿ ಇಟ್ಟುಬಿಟ್ಟರು. ಕ್ಷಮಿಸು ಎಂದಿದ್ದರೆ ಸಿಟ್ಟು ಇಳಿಯುತ್ತಿತ್ತೋ ಏನೋ. ಈ ಮನುಷ್ಯ ಮಾರ್ಕು ಕೊಟ್ಟರು! ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಎರಡು ವರ್ಷದ ಮೇಲೆ ಒಂದು ಬೆಳಗ್ಗೆ ಆಫೀಸಿನ ಮೆಟ್ಟಿಲು ಹತ್ತುತ್ತ ಕುಸಿದರಂತೆ. ಮೈಸೂರಿಗೆ ಕರೆದೊಯ್ಯುವಾಗ ಬಿಳಿಕೆರೆಯ ಹತ್ತಿರ ಜೀವ ಹೋಯಿತು. ಹೆಣದ ಮುಂದೆ ನಿಂತರೂ ನನಗೆ ಕಣ್ಣೀರು ಬರಲಿಲ್ಲ. ಜಗಳ ಅರ್ಧಕ್ಕೆ ಬಿಟ್ಟು ಎದ್ದು ಹೋದರಲ್ಲ ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ತಿಥಿ ಮುಗಿದ ಮೇಲೆ ಅವರ ಹೆಂಡತಿ ಯಾರದೋ ಫೋನಿನಿಂದ ಮಾತಾಡಿದರು. "ಆಫೀಸ್‌ನಾಗೆ ಡ್ರಾಯರು ಒಂದೇ ಸಮ ಕೂಗ್ತದೆ ಕಣವ್ವ. ಜನ ಬಂದ್ ಬಂದ್ ನಿಲ್ತಾರೆ. ನಂಗೊಂದೂ ತಿಳಿಯಾಕಿಲ್ಲ, ನೀನೇ ಬಾ."

ಹೋದೆ. ಹತ್ತೊಂಬತ್ತು ಫೋನು. ಪ್ಲಾಸ್ಟರಿನ ಮೇಲೆ ನನ್ನದೇ ಅಕ್ಷರ. "ಎಲ್ಲಾನೂ ನೀನೇ ತಗೊಂಡ್ ಓಗು, ನೀನ್ ಬಿಟ್ರೆ ಅವ್ರಿಗೆ ಇನ್ಯಾರಿದ್ರು" ಎಂದು ಆಕೆ ಎಲ್ಲವನ್ನೂ ಬಟ್ಟೆ ಚೀಲಕ್ಕೆ ತುಂಬಿಕೊಟ್ಟರು. ಚೀಲವನ್ನು ಮನೆಗೆ ಒಯ್ದರೆ ಹತ್ತೊಂಬತ್ತು ಗಿರಾಕಿಗಳು ನನ್ನ ಕೈಯಲ್ಲಿ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಯಿತು, ಚೆನ್ನಾಗಿಯೇ ಆಯಿತು. ಮೆಟ್ಟಿಲಿಳಿಯುವಷ್ಟರಲ್ಲಿ ಮೋಟಾರಿನವನು ಜಗುಲಿಯ ಮೇಲೆ ಕುಳಿತು ಕೇಳಿದ್ದು ನೆನಪಾಗಿ ನನ್ನ ಮೇಲೇ ಹೇಸಿಗೆಯಾಯಿತು.

ಎರಡು ದಿನ ಸ್ಕೂಟರಿನಲ್ಲಿ ಅಂಗಡಿ ಅಂಗಡಿ ತಿರುಗಿ ಅವರವರ ಫೋನು ಅವರವರಿಗೆ ಕೊಟ್ಟೆ. ತೆಗೆದುಕೊಂಡವರು ಎಷ್ಟು ಜನ? ಅರ್ಧಕ್ಕಿಂತ ಕಡಿಮೆ. "ನಿಮ್ತಾವೇ ಇರ್ಲಿ ಬುಡಿ ಮೇಡಂ, ನಮ್ಗೇನ್ ಗೊತ್ತಾಯ್ತದೆ" ಎಂದು ಕೈ ಹಿಂದಕ್ಕೆ ಎಳೆದುಕೊಳ್ಳುವವರೇ ಎಲ್ಲ. ಹಾರ್ಡ್‌ವೇರ್ ಅಂಗಡಿಯವರಂತೂ ಫೋನನ್ನು ನನ್ನ ಸ್ಕೂಟರಿನ ಡಿಕ್ಕಿಗೆ ತಿರುಗಿ ಹಾಕಿದರು. "ಕೋಟಿ ವ್ಯಾಪಾರ ಮಾಡ್ತೀರಿ, ಆರು ಅಂಕಿ ಓದೋಕೆ ಬರಲ್ವಾ?" ಎಂದು ಗಿರಾಕಿಗಳ ಮುಂದೆಯೇ ಬೈದು, ಕ್ಯಾಷಿನ ಮೇಜಿನ ಮೇಲೆ ಕುಕ್ಕಿ ಬಂದೆ. ಸಾರ್ ತಾವಾಗಿಯೇ ಹಾಗೆ ಆಗಿರಲಿಲ್ಲ, ಇವರೆಲ್ಲ ಸೇರಿ ಅವರನ್ನು ಹಾಗೆ ಮಾಡಿದ್ದರು. ಹಾಗೆಂದು ಸಾರ್ ಅವರನ್ನು ಮಾಫಿ ಮಾಡುವ ಮನಸ್ಸು ಬರಲಿಲ್ಲ. ಬೇಡ ಎಂದವರ ಕೈಗೂ ತುರುಕಿ ಕಲಿಸಬೇಕಾದವರು ಅವರೇ ಅಲ್ಲವೇ? ನನಗೆ ಹಾಗೆಯೇ ತಾನೆ ಕಲಿಸಿದ್ದು?

ಮೂರನೇ ದಿನ ಸಾರ್ ಹೆಂಡತಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಖಾತೆ ಆಕೆಯದೇ, ತವರಿನ ಜಮೀನಿನ ದುಡ್ಡು ಅದರಲ್ಲಿತ್ತು. ಖಾತೆಗೆ ಕೊಟ್ಟಿದ್ದ ನಂಬರು ಸಾರ್‌ದು. ಗ್ಯಾಸಿಗೆ ಕೊಟ್ಟಿದ್ದೂ ಅದೇ, ಆಧಾರಿಗೂ ಅದೇ. "ನಿಮ್ಮದೇ ನಂಬರ್ ತನ್ನಿ ಅಮ್ಮ" ಎಂದರು ಕೌಂಟರಿನಲ್ಲಿ. ಆಕೆ ನನ್ನ ಮುಖ ನೋಡಿದರು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಗಸು, ಹೆಸರಿಗೆ ಒಂದು ಸಿಮ್ ಇಲ್ಲ. ಹುಣಸೂರಿಗೆಲ್ಲ ನಂಬರು ಕೊಡಿಸಿದ ಮಹಾನುಭಾವರು ಮನೆಯಲ್ಲಿದ್ದವರಿಗೆ ಒಂದು ಕೊಡಿಸಲಿಲ್ಲ. ಬೇಕೆಂದೇ ಕೊಡಿಸಲಿಲ್ಲವೋ, ಅವರಿಗೆ ಹೊಳೆಯಲೇ ಇಲ್ಲವೋ? ಹೊಳೆಯದಿದ್ದರೆ ನನ್ನ ಸಿಟ್ಟು ಇನ್ನೂ ಹೆಚ್ಚು.

ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ ಆಕೆಯ ಹೆಸರಿನಲ್ಲೇ ಸಿಮ್ ಮಾಡಿಸಿದೆ. ಹೊಸ ಫೋನಿಗೆ ಹಾಕಿ ಕೈಗಿಟ್ಟರೆ, "ನೀನೇ ಮಡೀಕೊ ಕಣವ್ವ, ನಂಗೇನ್ ಗೊತ್ತಾಯ್ತದೆ" ಎಂದು ವಾಪಸ್ಸು ಚಾಚಿದರು. ಎರಡು ದಿನದಿಂದ ಆ ಮಾತು ಕೇಳಿ ಕೇಳಿ ತಲೆ ಕೆಟ್ಟಿತ್ತು.

"ಇಲ್ಲ! ಹಿಡ್ಕೊಳಿ ಅಂದ್ರೆ ಹಿಡ್ಕೊಳಿ!" ಎಂದು ಕಿರುಚಿಬಿಟ್ಟೆ, ಗಂಡ ಸತ್ತು ಇನ್ನೂ ಹದಿನೈದು ದಿನವಾಗದ ಹೆಂಗಸಿನ ಮೇಲೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಕೆ ಬೆದರಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಅಂಗಡಿಯವನು ಸಮಾಧಾನಕ್ಕೆಂದು, "ಯಾರ್ಗಾದ್ರೂ ಒಂದ್ ಕಾಲ್ ಮಾಡಿ ನೋಡಿ ಅಮ್ಮ, ಶುರುವಾಗೈತೆ" ಎಂದ.

ಆಕೆ ಒಂದೊಂದೇ ಅಂಕಿ ಒತ್ತಿದರು, ಎಲ್ಲೂ ತಡವರಿಸದೆ, ಹತ್ತೂ. ಬ್ಯಾಂಕಿಗೆ ಬೇಕಾಗಬಹುದೆಂದು ತಂದಿದ್ದ ಸಾರ್ ಫೋನು ನನ್ನ ಬ್ಯಾಗಿನೊಳಗೆ ಹೊಡೆದುಕೊಳ್ಳತೊಡಗಿತು.

"ಬಾಯಲ್ ಬರೋದು ಇದೊಂದೇ ಕಣವ್ವ" ಎಂದರು.

ಬ್ಯಾಗಿಗೆ ಕೈ ಹಾಕಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆಕೆ ಹೊಸ ಫೋನನ್ನು ಕಿವಿಗೆ ಒತ್ತಿ ಹಿಡಿದು, ಅವರು ಎತ್ತುತ್ತಾರೇನೋ ಎನ್ನುವಂತೆ ರಸ್ತೆಯ ಕಡೆಗೆ ತಿರುಗಿ ನಿಂತಿದ್ದರು. ಎತ್ತಿ ಸಾರ್, ಎಂದು ಬೈದುಕೊಳ್ಳುತ್ತ ನಾನೂ ನಿಂತಿದ್ದೆ, ಅದು ಪೂರ್ತಿ ಹೊಡೆದುಕೊಂಡು ತಾನಾಗಿ ನಿಲ್ಲುವವರೆಗೆ.