ಹೊಲಿದು ಮುಚ್ಚಿದ ತೋಳು

ಅಂಗಿಗೆ ಗುಂಡಿ ಹಚ್ಚುವುದು, ಕಾಜ ಹೊಲಿಯುವುದು, ಇಷ್ಟರಲ್ಲೇ ಗುಂಡಿಯಕ್ಕನ ಹನ್ನೊಂದು ವರ್ಷ ಕಳೆದಿತ್ತು. ಟೈಲರ್ ಮಾಸ್ಟರ್ ಅಂಗಡಿಯ ಬಾಗಿಲ ಪಕ್ಕದ ಸ್ಟೂಲು ಅವಳದು. ಹೋದ ವರ್ಷ ಮೊಮ್ಮಗಳಿಗೆ ಸೀತಾಳೆ ಸಿಡುಬು ಎದ್ದಾಗ ಮುಚ್ಚಿಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ ರಜೆ ಕೇಳಿದಳು. ಮಗುವಿನ ಮೈಯ ಹಕ್ಕಳೆಯೆಲ್ಲ ಒಣಗಿ ಉದುರಿದ ಮೇಲೆ ಕೆಲಸಕ್ಕೆ ಬಂದರೆ ಸ್ಟೂಲು ಬೀದಿಯಲ್ಲಿ ಬಿದ್ದಿತ್ತು.

"ರೋಗದ ಮನೆಯವಳು ಮುಟ್ಟಿದ ಅಂಗಿ ಯಾರು ಹಾಕ್ಕೋತಾರೆ?" ಎಂದು ಮಾಸ್ಟರ್ ಗಿರಾಕಿಗಳ ಮುಂದೆಯೇ ಕೂಗಿದ್ದ. ಬೀದಿ ತುಂಬ ಹೊಲಿಗೆ ಅಂಗಡಿಗಳೇ. ಅವಳು ಕೆಲಸ ಕೇಳಲು ಹೋಗುವ ಮೊದಲೇ ಆ ಮಾತು ಎಲ್ಲ ಕಡೆ ಹೋಗಿ ಕೂತಿತ್ತು. ಯಾರೂ ಒಂದು ಗುಂಡಿಯನ್ನೂ ಕೊಡಲಿಲ್ಲ. ಆ ಮಾತನ್ನು ಅವನಿಂದಲೇ, ಅದೇ ಬೀದಿಯ ಮುಂದೆ ವಾಪಸ್ ನುಂಗಿಸಬೇಕು ಎಂದು ಅವಳು ವರ್ಷವಿಡೀ ಹಲ್ಲು ಕಚ್ಚಿಕೊಂಡು ಕಾದಳು.

ಈ ಸಲ ಅದೇ ಸೀತಾಳೆ ಸಿಡುಬು ಮಾಸ್ಟರಿಗೇ ಎದ್ದಿತು. ದೊಡ್ಡವರಿಗೆ ಬಂದರೆ ಅದರ ಜೋರೇ ಬೇರೆ. ಹೆಂಡತಿ ಆರು ತಿಂಗಳ ಬಸುರಿ, ಅವಳಿಗೂ ಹಿಂದೆ ಬಂದಿರಲಿಲ್ಲ. ಹತ್ತಿರ ಸುಳಿಯಬೇಡ ಎಂದು ಡಾಕ್ಟರು ದೂರ ಕಳಿಸಿದರು. ಅವಳು ತವರಿನಿಂದ ಗುಂಡಿಯಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ನಿಮಗೆ ಚಿಕ್ಕೋರಿದ್ದಾಗಲೇ ಆಗಿ ಹೋಗಿದ್ಯಲ್ಲ. ನೀವಲ್ದೆ ಇನ್ಯಾರೂ ಆ ರೂಮಿಗೆ ಕಾಲಿಡಲ್ಲ."

"ಹೋಗ್ತೀನಮ್ಮ. ಚೆನ್ನಾಗೇ ನೋಡ್ಕೋತೀನಿ."

ಅಂಗಡಿಯ ಮೇಲಿನ ರೂಮಿಗೆ ಹೋದವಳು ಮೊದಲು ಕೈ ಹಾಕಿದ್ದು ಉಗುರಿಗೆ. ಎಡಗೈ ಕಿರುಬೆರಳಿನ ಉಗುರನ್ನು ಅವನು ಉದ್ದ ಬೆಳೆಸಿದ್ದ. ಬಟ್ಟೆಯ ಮೇಲೆ ಗೆರೆ ಎಳೆಯಲು ಅವನಿಗೆ ಸೀಮೆಸುಣ್ಣ ಬೇಕಿರಲಿಲ್ಲ.

"ಅದೊಂದು ಬಿಡಕ್ಕ, ನನ್ನ ಕಸುಬು ಅದು."

"ಕೆರೆದು ಕೀವಾದ್ರೆ ಮುಖ ಹಳ್ಳ ಬೀಳುತ್ತೆ ಮಾಸ್ಟ್ರೇ," ಎಂದು ಬುಡಕ್ಕೇ ಕತ್ತರಿಸಿದಳು. ಡಾಕ್ಟರು ಹೇಳಿದ್ದೂ ಅದನ್ನೇ. ಆದರೂ ಕಟಕ್ ಎಂದ ಸದ್ದು ಅವಳ ಕಿವಿಗೆ ಹಿತವಾಗಿತ್ತು.

ಉಗುರಿಲ್ಲದ ಬೆರಳಲ್ಲೂ ಅವನು ಕೆರೆಯುವುದನ್ನು ಕಂಡು, ದೊಗಲೆ ಹತ್ತಿ ಅಂಗಿಯೊಂದನ್ನು ಹುಡುಕಿ ತೊಡಿಸಿದಳು. ಎರಡೂ ತೋಳಿನ ತುದಿಯನ್ನು ಕಾಜದಷ್ಟೇ ಒತ್ತಾಗಿ ಹೊಲಿದು ಮುಚ್ಚಿದಳು. ಊಟಕ್ಕೂ ಅವಳ ಚಮಚವೇ ಗತಿ.

"ಬಾಯಿ ತೆಗೀರಿ. ಇನ್ನೂ ದೊಡ್ಡದಾಗಿ. ಬೈಯೋವಾಗ ಹೇಗೆ ತೆಗೀತಿದ್ರಿ!"

ಆರೈಕೆಯಲ್ಲಿ ಮಾತ್ರ ಯಾರೂ ಬೆರಳು ತೋರಿಸುವಂತಿರಲಿಲ್ಲ. ಉಗುರುಬೆಚ್ಚಗಿನ ನೀರಿನ ಸ್ನಾನ, ಉಜ್ಜದೆ ಒತ್ತಿ ಒರೆಸುವುದು, ಡಾಕ್ಟರು ಬರೆದ ಜ್ವರದ ಮಾತ್ರೆ ಬಿಟ್ಟು ಬೇರೊಂದಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ತುರಿಕೆ ತಾರಕಕ್ಕೇರಿತು. ಗುಲಾಬಿ ಬಣ್ಣದ ಲೋಷನ್ ಬಾಟಲಿ ಅವಳ ಮಡಿಲಲ್ಲಿತ್ತು.

"ಹಚ್ಚಕ್ಕ, ಪ್ರಾಣ ಹೋಗ್ತಿದೆ!"

"ಹಚ್ತೀನಿ. ಹೋದ ವರ್ಷ ನನಗೇನಂದ್ರಿ?"

"ತಪ್ಪಾಯ್ತು, ತಪ್ಪಾಯ್ತು."

"ನನ್ನ ಕಿವೀಲಿ ಹೇಳಿ ಏನುಪಯೋಗ?" ಎಂದು ಎದ್ದು ಬೀದಿಯ ಕಡೆಯ ಕಿಟಕಿ ತೆರೆದಳು.

ಮಾಸ್ಟರ್ ಕಿಟಕಿಗೆ ಬಂದ. ಮುಖದ ತುಂಬ ಗುಳ್ಳೆ, ಮುಚ್ಚಿದ ತೋಳುಗಳು ಜೋಲಾಡುತ್ತಿವೆ. ಕೆಳಗೆ ಒಂದೊಂದೇ ಮಿಷಿನ್ನು ನಿಂತಿತು.

"ಗುಂಡಿಯಕ್ಕ ಮಗು ಗುಣ ಆದ್ಮೇಲೇ ಕೆಲಸಕ್ಕೆ ಬಂದಿದ್ದು. ಅವಳದೇನೂ ತಪ್ಪಿಲ್ಲ. ನಾನೇ ಸುಳ್ಳುಸುಳ್ಳೇ ಬೈದೆ."

"ಜೋರಾಗಿ," ಎಂದಳು ಅವಳು ಹಿಂದಿನಿಂದ. "ಕೊನೇ ಅಂಗಡಿಗೆ ಕೇಳಿಲ್ಲ."

ಗಂಟಲು ಹರಿಯುವಂತೆ ಕೂಗಿದ.

"ಕೇಳ್ತು ಮಾಸ್ಟ್ರೇ, ಒಳಗೆ ಹೋಗಿ! ಮಕ್ಕಳು ಹೆದರ್ಕೋತಾವೆ!" ಎಂದ ಎದುರಿನ ಇಸ್ತ್ರಿಯವನು. ಬೀದಿಗೆ ಬೀದಿಯೇ ನಕ್ಕಿತು. ಮೂರನೆಯ ಅಂಗಡಿಯ ಟೈಲರ್ ತಲೆ ಹೊರಗೆ ಹಾಕಿ, "ಅಕ್ಕಾ, ಹಾಗಾದ್ರೆ ನಮ್ಮಂಗಡಿಗೆ ಬಂದ್ಬಿಡಿ!" ಎಂದ.

"ಇವರ ಗುಳ್ಳೆ ಒಣಗ್ಲಪ್ಪ, ಬರ್ತೀನಿ," ಎಂದು ಅವಳು ಕಿಟಕಿ ಹಾಕಿದಳು.

ಆಮೇಲೆ ಅವನನ್ನು ಬೋರಲು ಮಲಗಿಸಿ, ಹತ್ತಿಯನ್ನು ಅದ್ದಿ ಅದ್ದಿ, ಒಂದೊಂದೇ ಗುಳ್ಳೆಗೆ ನಿಧಾನವಾಗಿ ಹಚ್ಚಿದಳು. ಅವನು ಹಾಯೆಂದು ಉಸಿರು ಬಿಟ್ಟ. ಬೆನ್ನಿನ ನಟ್ಟನಡುವೆ, ಯಾವ ಕೈಯೂ ಎಟುಕದ ಕಡೆ, ಒಂದು ಗುಳ್ಳೆಯನ್ನು ಹಾಗೇ ಬಿಟ್ಟಳು.

"ಅಕ್ಕಾ, ಅಲ್ಲೊಂದು ಉಳೀತು."

"ಗೊತ್ತು," ಎಂದು ಅವಳು ಬಾಟಲಿಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದಳು.