ಹದಿನಾಲ್ಕು ಮಂದಿಯ ಫ್ಯಾನು

ದಾದರಿನ ಆ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಒಂದು ಕಾಲಕ್ಕೆ ವಿಜಯಪುರದ ಕಡೆಯ ಒಂದೇ ಊರಿನ ಹದಿನಾಲ್ಕು ಗಂಡಸರಿದ್ದರು. ಎಲ್ಲರೂ ಗೋದಾಮಿನಲ್ಲಿ ಮೂಟೆ ಹೊರುವವರು. ಫ್ಯಾನು ಮಾತ್ರ ಒಂದೇ. ಅದರ ನೇರ ಕೆಳಗಿನ ಜಾಗ ಯಾರಪ್ಪನ ಸ್ವತ್ತೂ ಅಲ್ಲ, ರಾತ್ರಿ ಪಾಳಿ ಮುಗಿಸಿ ಬಂದವನದು, ಇಲ್ಲವೇ ಜ್ವರ ಬಂದವನದು ಎಂಬುದು ಖೋಲಿಯ ಕಾನೂನು. ಆ ಗಾಳಿಯ ಆಸೆಗೆ ಇಲ್ಲದ ಜ್ವರ ಬರಿಸಿಕೊಂಡು ನರಳಿದ ಭೂಪರೂ ಇದ್ದರು.

ಈಗ ಉಳಿದವನು ನೀಲಕಂಠಪ್ಪ ಒಬ್ಬನೇ. ಕೆಲವರು ಊರಿಗೆ ಹೋದರು, ಕೆಲವರು ಮಕ್ಕಳ ಮನೆ ಸೇರಿದರು, ಕೆಲವರು ಸತ್ತೇ ಹೋದರು. ಮದುವೆಯಾಗದ ಇವನಿಗೆ ಹೋಗಲು ಇನ್ನೊಂದು ಮನೆಯಿಲ್ಲ. ಹಗಲೆಲ್ಲ ಒಂದು ಬಿಲ್ಡಿಂಗಿನ ಲಿಫ್ಟ್ ನಡೆಸುತ್ತಾನೆ. ನೂರಾರು ಜನ ಹತ್ತಿ ಇಳಿದರೂ ಅವನ ಜೊತೆ ಆಡುವ ಮಾತು ಮಹಡಿಯ ನಂಬರು ಅಷ್ಟೇ. ಬಾಯ್ತುಂಬ ಕನ್ನಡ ಮಾತಾಡಿ ಎಷ್ಟು ದಿನವಾಯಿತೆಂದು ನೆನೆದರೆ ಅವನಿಗೇ ಭಯವಾಗುತ್ತಿತ್ತು.

ಖೋಲಿಯ ಹಳೆಯ ಗೆಳೆಯ ಶೆಟ್ಟೆಪ್ಪ ವರ್ಷಕ್ಕೊಮ್ಮೆ ಊರಿನಿಂದ ಕಾಂದಿವಲಿಯ ಮಗಳ ಮನೆಗೆ ಬರುತ್ತಾನೆ. ನೀಲಕಂಠಪ್ಪ ಪ್ರತಿ ಸಲ ಫೋನಿನಲ್ಲಿ ಗೋಗರೆಯುತ್ತಾನೆ.

"ಎರಡ ರಾತ್ರಿ ಖೋಲಿಗೆ ಬಾರೋ, ಮಾತಾಡೋಣಂತ."

"ಬರ್ತಿದ್ದೆ ನೀಲಣ್ಣ. ಆದ್ರ ಫ್ಯಾನ್ ಕೆಟ್ಟು ಕುಂತೈತಲ್ಲ, ಈ ಧಗಿಯೊಳಗ ಹೆಂಗ ಮಲಗೂದು?"

ಎರಡು ವರ್ಷ ಇದೇ ಉತ್ತರ ಬಂತು. ಈ ಸಲ ಅವನು ಬರುವಷ್ಟರಲ್ಲಿ ಫ್ಯಾನು ತಿರುಗಲೇಬೇಕೆಂದು ನೀಲಕಂಠಪ್ಪ ಹಟ ಹಿಡಿದ.

ಹೊಸದು ತಂದರೆ ಮುಗಿಯುತ್ತಿತ್ತು. ಆದರೆ ಹದಿನಾಲ್ಕು ಮಂದಿ ಪಟ್ಟಿ ಹಾಕಿ, ದುಡ್ಡು ಕೂಡಿಸಿ ತಂದದ್ದನ್ನು ಒಬ್ಬನೇ ಗುಜರಿಗೆ ಹಾಕುವ ಹಕ್ಕು ತನಗೆಲ್ಲಿದೆ? ಮಿಕ್ಕವರನ್ನು ಕೇಳೋಣವೆಂದರೆ ಅರ್ಧ ಜನ ಮಣ್ಣಿನಲ್ಲಿದ್ದಾರೆ. ಫ್ಯಾನು ಬಿಚ್ಚಿ ಬೇರಿಂಗು, ಮುಚ್ಚಳಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಅಂಗಡಿ ಅಂಗಡಿ ತಿರುಗಿದ. ಬೇರಿಂಗು ಸಿಕ್ಕಿತು. ಆದರೆ ಮುಚ್ಚಳದಲ್ಲಿ ಅದು ಕೂರುವ ಗುಳಿ ಸವೆದು ಅಗಲವಾಗಿತ್ತು, ಆ ಅಳತೆಯ ಬೇರೆ ಮುಚ್ಚಳ ದಾದರಿನಲ್ಲಿ ಯಾರ ಹತ್ತಿರವೂ ಇಲ್ಲ. ಮೂರು ರವಿವಾರ ಧಾರಾವಿಯ ಗುಜರಿ ರಾಶಿಗಳನ್ನು ಕೆದಕಿದ. ಕೊನೆಗೆ ಲೇತ್ ಮಷೀನಿನ ರೋಶನ್ ಎಂಬವನು ಹಿತ್ತಾಳೆಯ ತೆಳು ಉಂಗುರವೊಂದನ್ನು ಕಡೆದು ಗುಳಿಯಲ್ಲಿ ಕೂರಿಸಿಕೊಟ್ಟ.

"ಚಾಚಾ, ಇತನಾ ತಕಲೀಫ್ ಕಿಸ್‌ಕೇ ಲಿಯೇ?" ಎಂದು, ಇಷ್ಟೆಲ್ಲ ಪಾಡು ಯಾರಿಗಾಗಿ ಎಂದು ಅವನು ಕೇಳಿದ್ದಕ್ಕೆ "ದೋಸ್ತ್ ಆ ರಹಾ ಹೈ", ಗೆಳೆಯ ಬರುತ್ತಿದ್ದಾನೆ, ಎನ್ನುವಾಗ ನೀಲಕಂಠಪ್ಪನಿಗೆ ಮದುಮಗನ ನಾಚಿಕೆ.

ಶೆಟ್ಟೆಪ್ಪನಿಗೆ ಫ್ಯಾನಿನ ಸುದ್ದಿ ಕೊಡದೆ, ಬರೀ ಚಹಾಕ್ಕೆಂದು ಕರೆಸಿಕೊಂಡ. ಫ್ಯಾನಿನ ಕೆಳಗೆ ಅವನಿಗೊಂದು ಚಾಪೆ ಹಾಸಿಟ್ಟಿದ್ದ. ಅವನು ಬಂದು ಕೂತ ಮೇಲೆ ಸ್ವಿಚ್ ಒತ್ತಿ, ಅವನ ಮುಖವನ್ನೇ ನೋಡಿದ.

ಶೆಟ್ಟೆಪ್ಪ ತಲೆಯೆತ್ತಿ ನೋಡಿದ. ನಗಲಿಲ್ಲ.

"ಛಲೋ ಆತಲ್ಲ," ಎಂದು ಬಾಗಿಲ ಕಡೆ ನೋಡುತ್ತ ಹೇಳಿದ. "ಆದ್ರ ನೀಲಣ್ಣ, ಈಗೀಗ ನನಗ ಫ್ಯಾನಿನ ಗಾಳಿ ಆಗಿ ಬರೂದಿಲ್ಲ. ಮೈಕೈ ಹಿಡಿತಾವ."

ನೀಲಕಂಠಪ್ಪನಿಗೆ ಅರ್ಥವಾಯಿತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಪಾಪ, ಅವನಿಗಿದ್ದ ಒಂದು ನೆವವನ್ನೂ ತಾನು ರಿಪೇರಿ ಮಾಡಿ ಹಾಳು ಮಾಡಿದ್ದಾಯಿತು.

"ಹೌದಪ್ಪ, ವಯಸ್ಸಾತು," ಎಂದು ತಾನೇ ದಾರಿ ಮಾಡಿಕೊಟ್ಟು, ಸ್ಟೇಷನ್ನಿನವರೆಗೆ ಹೋಗಿ ಲೋಕಲ್ ಹತ್ತಿಸಿ ಬಂದ. ಆ ರಾತ್ರಿ ಚಾಪೆ ಸುತ್ತಿಡುವಾಗ ಅತ್ತ.

ಮರುವರ್ಷ ಶೆಟ್ಟೆಪ್ಪ ಕಾಂದಿವಲಿಗೆ ಬಂದ ಸುದ್ದಿ ತಿಳಿದಾಗ ನೀಲಕಂಠಪ್ಪ ಮೊದಲು ಫ್ಯಾನು ಆರಿಸಿದ, ಆಮೇಲೆ ಫೋನು ಹಚ್ಚಿದ.

"ಫ್ಯಾನ್ ಮತ್ತ ಕೆಟ್ಟೈತೋ ಶೆಟ್ಟೆಪ್ಪಾ. ಈ ಸಲ ಬ್ಯಾಡ ಬಿಡು."

"ಖರೇ? ಈ ಸಲ ಬಂದ ಬಿಡಬೇಕಂತ ಮಾಡಿದ್ದೆ ನೋಡು," ಎಂದ ಶೆಟ್ಟೆಪ್ಪನ ದನಿ ಹಗುರಾಗಿತ್ತು. ಆ ಖುಷಿಗೆ ಊರಿನ ಮಳೆ, ಬೆಳೆ, ಬಸವಣ್ಣನ ಗುಡಿಯ ಜಗಳ ಎಲ್ಲವನ್ನೂ ಅರ್ಧ ತಾಸು ಹೇಳಿದ. ನೀಲಕಂಠಪ್ಪ ಬೆವರು ಒರೆಸಿಕೊಳ್ಳುತ್ತ, ನಡುನಡುವೆ ಹೂಂಗುಟ್ಟುತ್ತ ಕೇಳುತ್ತ ಕೂತಿದ್ದ.