ಈಗ ನಾನು ತಾಯಿಗೆ ಧೈರ್ಯ ಹೇಳುತ್ತಿದ್ದೇನೆ

ನರ್ಸಿಂಗನ್ನೂ ಹೆರಿಗೆ ಮಾಡಿಸುವ ವಿದ್ಯೆಯನ್ನೂ ಒಂದೇ ಪದವಿಯಲ್ಲಿ ಗಂಟುಹಾಕಿದ ಮಹಾನುಭಾವರು ಯಾರೋ, ಅವರಿಗೆ ಎರಡೂ ಗೊತ್ತಿರಲಿಕ್ಕಿಲ್ಲ. ಹುಡುಗಿಗೆ ಸೀಟು ಸಿಕ್ಕಿದಾಗ "ಒಂದೇ ಓದಿಗೆ ಎರಡು ಕಸುಬು!" ಎಂದು ಅಪ್ಪ ಬೀಗಿದರು. "ಎರಡು ದೋಣಿಗೆ ಕಾಲಿಟ್ಟವಳು ನೀರಿಗೇ ಬೀಳೋದು" ಎಂದಳು ಅಜ್ಜಿ. ಅಜ್ಜಿಯ ಮಾತೇ ನಿಜವಾಯಿತು. ವಾರ್ಡಿನಲ್ಲಿ "ನೀನು ಹೆರಿಗೆ ಕಡೆಯವಳಲ್ವಾ? ಬೆಡ್‌ಪ್ಯಾನ್ ತೊಳಿ" ಎನ್ನುತ್ತಿದ್ದರು, ಹೆರಿಗೆ ಕೋಣೆಯಲ್ಲಿ "ನೀನು ವಾರ್ಡ್ ಕಡೆಯವಳಲ್ವಾ? ಬೆಡ್‌ಪ್ಯಾನ್ ತೊಳಿ" ಎನ್ನುತ್ತಿದ್ದರು. ಬೆಡ್‌ಪ್ಯಾನ್ ವಿಷಯದಲ್ಲಿ ಮಾತ್ರ ಎರಡು ಶಾಸ್ತ್ರಗಳಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಆದರೂ ಪರೀಕ್ಷೆಯಲ್ಲಿ ಅವಳೇ ಮೊದಲು. ಅಲ್ಲಿ ಅಂಕ ಸಿಗುವುದು ಮಾಡಿದ್ದಕ್ಕಲ್ಲ, ಹೇಳಿದ್ದಕ್ಕೆ. ಪ್ಲಾಸ್ಟಿಕ್ ಬೊಂಬೆಯ ಮುಂದೆ ನಿಂತು "ಈಗ ನಾನು ಕೈ ತೊಳೆಯುತ್ತಿದ್ದೇನೆ, ಈಗ ನಾನು ತಾಯಿಗೆ ಧೈರ್ಯ ಹೇಳುತ್ತಿದ್ದೇನೆ" ಎಂದು ಪರೀಕ್ಷಕರಿಗೆ ಗಟ್ಟಿಯಾಗಿ ಒಪ್ಪಿಸಿದರಾಯಿತು; ನಲ್ಲಿಯಲ್ಲಿ ನೀರಿಲ್ಲದಿದ್ದರೂ ಕೈ ಶುದ್ಧ. ನಾಲ್ಕು ವರ್ಷದಲ್ಲಿ ಬೊಂಬೆ ಒಮ್ಮೆಯೂ ಎದುರುತ್ತರ ಕೊಡಲಿಲ್ಲ.

ಉಳಿದದ್ದು ಒಂದೇ. ನಿಜವಾದ ಹೆರಿಗೆಯೊಂದನ್ನು ತಾನೇ ಮುಂದೆ ನಿಂತು ಮಾಡಿಸಿ, ಹಿರಿಯ ಸಿಸ್ಟರ್ ಕೈಲಿ ಸಹಿ ಹಾಕಿಸಿಕೊಳ್ಳಬೇಕು. ಸಹಿ ಇಲ್ಲವೆಂದರೆ ಇನ್ನೊಂದು ವರ್ಷ ಬೆಡ್‌ಪ್ಯಾನ್. ಆ ಸಿಸ್ಟರೋ, ಹೆತ್ತವಳನ್ನು ಕೇಳದೆ ಯಾರಿಗೂ ಸಹಿ ಹಾಕಿದವರಲ್ಲ.

ಆ ಬೆಳಿಗ್ಗೆ ಮಂಚದ ಮೇಲಿದ್ದದ್ದು ಬೊಂಬೆಯಲ್ಲ, ಮಾರುಕಟ್ಟೆಯಲ್ಲಿ ಮೀನು ಮಾರುವವಳು. ನೋವು ಏರಿತು. ಹುಡುಗಿ ಸಿಸ್ಟರ್ ಕಡೆ ಮುಖ ಮಾಡಿ ಶುರುಹಚ್ಚಿಕೊಂಡಳು: "ಈಗ ನಾನು ತಾಯಿಗೆ ಧೈರ್ಯ ಹೇಳುತ್ತಿದ್ದೇನೆ."

"ಅಲ್ಲಿ ಯಾರಿಗೆ ಹೇಳ್ತಿದ್ದೀಯೇ? ಹೆರ್ತಿರೋದು ಅವರಾ, ನಾನಾ?" ಮೀನಿನವಳು ಗುಡುಗಿದಳು.

"ಈಗ ನಾನು ತಾಯಿಯ ಬೆನ್ನು ನೀವುತ್ತಿ..."

"ಎಲ್ಲಿ ನೀವ್ತಿದ್ದೀಯ, ಗಾಳೀನಾ? ಮುಚ್ಚೇ ಬಾಯಿ!"

ಬಾಯಿ ಮುಚ್ಚಿತು. ಬಾಯಿಗೆ ಕೆಲಸ ತಪ್ಪಿದ ಮೇಲೆ ಕೈಗೆ ಕೆಲಸ ನೆನಪಾಯಿತು. ಬೆನ್ನು ನೀವಿದಳು, ಬೆವರು ಒರೆಸಿದಳು, ಕೊನೆಗೆ "ಅಕ್ಕಾ, ತಲೆ ಕಾಣ್ತಿದೆ, ಇನ್ನೊಂದೇ ಸಲ" ಎಂದು ಅವಳ ಕಿವಿಯ ಹತ್ತಿರವೇ ಹೇಳಿದಳು. ಕೂದಲು ತುಂಬಿದ ತಲೆ, ಜಾರುವ ಭುಜ, ಆಮೇಲೆ ಕೂಗು. ಗಂಟಲು ಅಮ್ಮನದೇ.

ಎಲ್ಲ ಮುಗಿದ ಮೇಲೆ ಸಿಸ್ಟರ್ ಸಹಿ ಹಾಕುವ ಪುಸ್ತಕ ತೆರೆದರು. "ಏನಮ್ಮಾ, ಈ ಹುಡುಗಿ ನಿಂಗೆ ಧೈರ್ಯ ಹೇಳಿದ್ಲಾ?"



"ಹೇಳಿದ್ಲು," ಮೀನಿನವಳು ಮಗುವಿನಿಂದ ಕಣ್ಣು ಕೀಳದೆ ಅಂದಳು, "ಬಾಯಿ ಮುಚ್ಚಿದ್ಮೇಲೆ."

ಸಿಸ್ಟರ್ ಸಹಿ ಗೀಚಿ ಪುಸ್ತಕವನ್ನು ಹುಡುಗಿಯತ್ತ ತಳ್ಳಿದರು. "ಹೋಗು, ಕೈ ತೊಳ್ಕೊ. ನೀರಲ್ಲಿ."